“ಇದನ್ಯಾಕ ಓದಬೇಕ್ರಿ ಟೀಚರ್?” ಹೈಸ್ಕೂಲ್ ಮಕ್ಕಳು, ಕನ್ನಡ ಪಾಠ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳ ಜಿಲ್ಲೆಯಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ಮೊದಲು ಗಂಗಾವತಿ ಕಡೆ ಇದ್ದೆ, ಈಗ ಕೊಪ್ಪಳ ಕೋಟೆ ಕಾಣುವಷ್ಟು ಹತ್ತಿರದ ಒಂದು ಊರಿನಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು, ಪಾಲಕರು, ಕೆಲವು ಸಲ ಮಕ್ಕಳೇ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೆಲವಕ್ಕೆ ಎರಡು ಮಾತು ಸಾಕಾಯಿತು. ಕೆಲವು ನನ್ನನ್ನೇ ವರ್ಷಗಟ್ಟಲೆ ಕಾಡಿದವು, ಅಲ್ಲಿ ಉತ್ತರ ಉದ್ದ ಆಗಿದೆ.

ಮಗು ಎದ್ದು ನಿಂತು “ಇದನ್ಯಾಕ ಓದಬೇಕ್ರಿ?” ಅಂದರೆ ಏನು ಹೇಳಲಿ?

ಸಿಟ್ಟಾಗಬೇಡಿ. ಹಾಗೆ ಕೇಳಿದ ಮಗು ಇನ್ನೂ ಕ್ಲಾಸಿನಲ್ಲೇ ಇದೆ. ಏನೂ ಕೇಳದೆ ಬೋರ್ಡಿನ ಮೇಲಿದ್ದದ್ದನ್ನು ಸುಮ್ನೆ ಇಳಿಸಿಕೊಳ್ಳುವ ಉಳಿದವರ ಬಗ್ಗೆ ಜಾಸ್ತಿ ಚಿಂತೆ ಮಾಡಬೇಕು.

“ಮುಂದೆ ನಿನಗೇ ಗೊತ್ತಾಗುತ್ತೆ” ಅನ್ನಬೇಡಿ. ನಮ್ಮ ಮಾಸ್ತರರು ನಮಗೂ ಅದನ್ನೇ ಹೇಳಿದ್ದರು, ನಾವು ನಂಬಿರಲಿಲ್ಲ. “ನಮ್ಮ ಸಂಸ್ಕೃತಿ ಉಳೀಬೇಕಲ್ಲಪಾ” ಅಂದರೆ ಮಗು ತಲೆ ಅಲ್ಲಾಡಿಸಿ ಕೂರುತ್ತೆ, ಅಷ್ಟೇ. ನಾನು ಈಗ ಹೇಳುವುದು ಇಷ್ಟು: “ನಿನಗ ಯಾಕ ಬೇಕು ಅಂತ ನನಗ ಗೊತ್ತಿಲ್ಲ. ಓದಿ ನೋಡು. ಎಲ್ಲಿ ಬ್ಯಾಸರ ಆತು, ಅಲ್ಲಿ ಪೆನ್ಸಿಲ್‌ಲೆ ಗುರುತು ಹಾಕು.” ಬೇಸರದ ಜಾಗ ಹುಡುಕೋಕೂ ಓದಲೇಬೇಕಲ್ವಾ!

ಗುರುತು ಹಾಕಿದ ಪುಸ್ತಕ ತರಿಸಿ ನೋಡಿ. ಎಲ್ಲಿ ಗುರುತು ನಿಂತಿದೆ ಅನ್ನುವುದು ಮುಖ್ಯ. ಅಲ್ಲಿಂದ ಮುಂದೆ ಮಗು ಓದುವುದನ್ನೇ ಬಿಟ್ಟಿರಬಹುದು. ಇಲ್ಲವೇ ಗುರುತು ಹಾಕುವುದನ್ನು ಮರೆತಿರಬಹುದು. ಎರಡನೆಯದಾದರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

ಚಿಕ್ಕ ಕ್ಲಾಸಿನಲ್ಲಿ ಕಥೆ ಅಂದರೆ ಬಾಯಿ ಬಿಟ್ಟು ಕೇಳುತ್ತಿದ್ದ ಮಕ್ಕಳು ಒಂಬತ್ತನೆಯ ಕ್ಲಾಸಿಗೆ ಬಂದ ಕೂಡಲೇ ಯಾಕೆ ಹೀಗೆ?

ಅವರು ಕೆಟ್ಟಿಲ್ಲ, ಬೆಳೆದಿದ್ದಾರೆ. ಗೋವಿನ ಹಾಡು ಕೇಳಿ ಹತ್ತು ವರ್ಷದ ಮಗು ಪುಣ್ಯಕೋಟಿಗಾಗಿ ಅಳುತ್ತೆ. ಅದೇ ಮಗು ಹದಿನಾಲ್ಕಕ್ಕೆ ಬಂದಾಗ “ಹುಲಿಗೆ ಹಸಿವಾಗಿತ್ತಲ್ರಿ, ಅದ್ಯಾಕ ಸಾಯಬೇಕು?” ಅಂತ ಕೇಳುತ್ತೆ. ನನ್ನ ಕ್ಲಾಸಿನಲ್ಲಿ ಒಬ್ಬ ಹಾಗೆ ಕೇಳಿಯೂ ಇದ್ದ. ಹಿಂದಿನ ಬೆಂಚಿನವನು.

ಈ ವಯಸ್ಸಿನ ದೊಡ್ಡ ಕೆಲಸವೇ “ನಾನು ಯಾರು” ಅಂತ ಹುಡುಕುವುದು ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದರು. ನಮ್ಮ ಕಡೆ ಮಕ್ಕಳಿಗೆ ಆ ಹುಡುಕಾಟಕ್ಕೆ ಬಿಡುವೂ ಕಡಿಮೆ. ಹತ್ತಿ ಬಿಡಿಸುವ ಕಾಲಕ್ಕೆ ಹೊಲ, ರಜೆಯಲ್ಲಿ ಗ್ಯಾರೇಜು, ಹುಡುಗಿಯರಿಗೆ ಮನೆಯಲ್ಲಿ ಮದುವೆ ಮಾತು. ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಬಂದು ಕೂತ ಮಗು ಪದ್ಯ ನೋಡಿ “ಇದರಾಗ ನಂದೇನೈತಿ?” ಅಂದರೆ ಅದು ಅಹಂಕಾರ ಅಲ್ಲ.

ಹಾಗಾದರೆ ಮಕ್ಕಳ ಊರಿನದೇ, ಬದುಕಿನದೇ ಕಥೆ ಕೊಟ್ಟರೆ ಆಯ್ತಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ವರ್ಷ ಎರೆಹೊಲ, ಬರ, ಬಡ್ಡಿ ಸಾಲ ಎಲ್ಲ ಇರುವ ಕಥೆಯೊಂದನ್ನು ಹುಡುಕಿ ಜೆರಾಕ್ಸ್ ಮಾಡಿಸಿ ಹಂಚಿದೆ. ನನ್ನ ದುಡ್ಡಿನಲ್ಲೇ. ಮಕ್ಕಳು ಕುಣಿದಾಡುತ್ತಾರೆ ಅಂತ ನನ್ನ ಲೆಕ್ಕ. ಓದಿ ಮುಗಿಸಿದ ಮೇಲೆ ಒಬ್ಬಳು ಎದ್ದು ಹೇಳಿದಳು: “ಮನ್ಯಾಗೂ ಇದ, ಸಾಲ್ಯಾಗೂ ಇದನ ಏನ್ರಿ?”

ಆ ಮಾತು ನನಗೆ ಪಾಠವಾಯಿತು. ಹೋಲಿಕೆ ಇದ್ದ ಮಾತ್ರಕ್ಕೆ ತಟ್ಟುವುದಿಲ್ಲ. ಕಥೆಯ ಹುಡುಗ ಜೋಳದ ರೊಟ್ಟಿ ತಿಂದ ಮಾತ್ರಕ್ಕೆ ಅವನು ನಮ್ಮವನಾಗುವುದಿಲ್ಲ. ಮಗು ಬಾಯಿಬಿಟ್ಟು ಹೇಳಲಾಗದ ಒಂದು ಭಾವ ಆ ಹುಡುಗನಿಗೂ ಇದ್ದರೆ, ಅವನು ಲಂಡನ್ನಿನವನಾದರೂ ನಮ್ಮವನೇ.

ಇದರರ್ಥ ನಮ್ಮ ಕಡೆಯ ಕಥೆ ಬೇಡ ಅಂತಲ್ಲ. ಹತ್ತು ವರ್ಷ ಓದಿಯೂ ತನ್ನ ಮಾತು, ತನ್ನ ಊರು, ತನ್ನ ಮನೆಯಂಥ ಮನೆ ಪುಸ್ತಕದಲ್ಲಿ ಒಮ್ಮೆಯೂ ಕಾಣದ ಮಗು “ಪುಸ್ತಕ ಅಂದ್ರ ಬ್ಯಾರೇದವರದು” ಅಂತ ತೀರ್ಮಾನ ಮಾಡಿಬಿಡುತ್ತೆ. ಬೇಕು, ಆದರೆ ಅದೊಂದೇ ಸಾಲದು.

ದೂರದ, ಹಳೆಯ ಪಾಠವೊಂದು ಮಗುವಿಗೆ ತಟ್ಟಿದ್ದನ್ನು ನೀವು ಕಂಡಿದ್ದೀರಾ?

ಕಂಡಿದ್ದೇನೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಹತ್ತನೇ ಕ್ಲಾಸಿಗೆ ಪು.ತಿ.ನ. ಅವರ ‘ಶಬರಿ’ ಗೀತನಾಟಕ ಪಾಠವಾಗಿತ್ತು. ನಾನಾಗ ಗಂಗಾವತಿ ಕಡೆ ಇದ್ದೆ. ಆನೆಗೊಂದಿ ಹತ್ತಿರ ಪಂಪಾ ಸರೋವರ ಇದೆ, ಅಲ್ಲೇ ಶಬರಿ ಗುಹೆ ಅಂತ ತೋರಿಸುತ್ತಾರೆ. ಮಕ್ಕಳೆಲ್ಲ ನೋಡಿದ ಜಾಗ. ಇಷ್ಟು ಹತ್ತಿರದ ಸಂಬಂಧ ಸಿಕ್ಕಿತಲ್ಲ ಅಂತ ಹಿಗ್ಗಿ, ಪಾಠ ಶುರು ಮಾಡುವಾಗಲೇ ಅದನ್ನು ಹೇಳಿದೆ. “ಹೌದ್ರಿ, ಅಲ್ಲಿ ಮಂಗ್ಯಾ ಭಾಳ ಅದಾವ್ರಿ” ಅಂದರು. ಮುಗಿಯಿತು. ನಾನು ಕಷ್ಟಪಟ್ಟು ಹಾಕಿದ ಸೇತುವೆಯ ಮೇಲೆ ಒಬ್ಬರೂ ನಡೆಯಲಿಲ್ಲ.

ಪಾಠ ಮುಂದೆ ಹೋಯಿತು. ರಾಮ ಬಂದಾನು ಅಂತ ಹೂವು ಹಣ್ಣು ಕೂಡಿಸಿಟ್ಟುಕೊಂಡು ಕಾಯುವ ಶಬರಿ. ಆಗ ಕಿಟಕಿ ಪಕ್ಕ ಕೂತಿದ್ದ ಹುಡುಗಿ, ವರ್ಷಕ್ಕೆ ನಾಲ್ಕು ಮಾತಾಡುವವಳು, ಕೈ ಎತ್ತಿದಳು.

“ಟೀಚರ್ರ, ಬಾಡಿದ ಹೂವು ಏನ್ ಮಾಡ್ತಿದ್ಳ್ರಿ?”

ನನಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. “ದಿನಾ ಹೂವು ತರ್ತಿದ್ಳಲ್ರಿ. ಅವರು ಬರಲಿಲ್ಲ. ಸಂಜಿಕ ಹೂವು ಬಾಡ್ತಾವಲ್ರಿ. ಅವನ್ನ ಏನ್ ಮಾಡ್ತಿದ್ಳು?”

ಕ್ಲಾಸು ನಕ್ಕಿತು. ನಾನು ನಗಲಿಲ್ಲ, ಪುಣ್ಯಕ್ಕೆ. ಪುಸ್ತಕದಲ್ಲಿ ಅದಿಲ್ಲ, ನಿನಗೇನನಿಸುತ್ತೆ ಅಂತ ಕೇಳಿದೆ. “ಗೊತ್ತಿಲ್ರಿ” ಅಂತ ಕೂತಳು. ಒಂದು ವಾರ ಆದಮೇಲೆ ನೋಟ್‌ಬುಕ್ ತಿದ್ದುವಾಗ ಕೊನೆಯ ಹಾಳೆಯಲ್ಲಿ ಎರಡು ಸಾಲು ಸಿಕ್ಕಿತು: “ಬಾಡಿದ ಹೂವು ಚೆಲ್ಲಬಾರದು. ಎಣಿಸಬೇಕು. ಎಷ್ಟು ದಿನ ಆತು ಅಂತ ಗೊತ್ತಾಗತೈತಿ.”

ಆ ಹುಡುಗಿಯ ಅಪ್ಪ ಅವ್ವ ದೀಪಾವಳಿ ಮುಗಿಸಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಇವಳು ಅಜ್ಜಿಯ ಹತ್ತಿರ ಇದ್ದಳು. ಇದು ನನಗೆ ಗೊತ್ತಾಗಿದ್ದು ಆಮೇಲೆ, ಅದೂ ಬೇರೆ ಮಕ್ಕಳ ಬಾಯಿಂದ.

ನಾನು ತೋರಿಸಿದ ಗುಹೆಯಿಂದ ಅವಳು ಶಬರಿಯ ಹತ್ತಿರ ಹೋಗಲಿಲ್ಲ. ಪುಸ್ತಕ ಹೇಳದೆ ಬಿಟ್ಟ ಜಾಗದಿಂದ ಹೋದಳು. ಆವತ್ತಿನಿಂದ ಪಾಠಕ್ಕೂ ಮಕ್ಕಳಿಗೂ ನಂಟು ಕಟ್ಟಿಕೊಡುವ ಕೆಲಸ ನಾನು ಕಡಿಮೆ ಮಾಡಿದ್ದೇನೆ. ಎಲ್ಲಿ ಸಂದು ಇದೆ ಅಂತ ನೋಡಿ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಟೀಚರುಗಳಿಗೇ ಗೊತ್ತು.

ಇದರ ಬಗ್ಗೆ ತಿಳಿದವರು ಏನು ಹೇಳಿದ್ದಾರೆ?

ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ ಅನ್ನುವ ಅಧ್ಯಾಪಕಿ 1938ರಲ್ಲೇ ಒಂದು ಮಾತು ಹೇಳಿದರು. ಅರ್ಥ ಪುಸ್ತಕದಲ್ಲೂ ಇಲ್ಲ, ಓದುವವನ ತಲೆಯಲ್ಲೂ ಇಲ್ಲ, ಇಬ್ಬರ ನಡುವಿನ ಕೊಡುಕೊಳ್ಳುವಿಕೆಯಲ್ಲಿ ಹುಟ್ಟುತ್ತೆ ಅಂತ. ಓದಿನಲ್ಲಿ ಅವರು ಎರಡು ಬಗೆ ಮಾಡಿದರು. ಮಗು ವಿಷ ಕುಡಿದಿದೆ, ತಾಯಿ ಬಾಟಲಿಯ ಚೀಟಿ ಓದುತ್ತಿದ್ದಾಳೆ. ಅವಳಿಗೆ ಮಾಹಿತಿ ಸಿಕ್ಕರೆ ಸಾಕು. ಇದು ಒಂದು ಬಗೆ. ಕವಿತೆ ಓದುವಾಗ ಓದುತ್ತಿರುವ ಆ ಹೊತ್ತಿನಲ್ಲಿ ನಮಗೆ ಏನಾಗುತ್ತಿದೆ ಅನ್ನುವುದೇ ಮುಖ್ಯ. ಇದು ಇನ್ನೊಂದು. ನಮ್ಮ ಶಾಲೆಗಳ ತೊಂದರೆ ಏನಂದರೆ ಕವಿತೆಯನ್ನೂ ಬಾಟಲಿಯ ಚೀಟಿ ಓದಿದ ಹಾಗೆ ಓದಿಸುತ್ತೇವೆ. ಕವಿಯ ಕಾಲ, ಸ್ಥಳ, ಕೃತಿ, ಪ್ರಶಸ್ತಿ.

1990ರಲ್ಲಿ ಅಮೆರಿಕದವರೇ ಆದ, ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ ಪುಸ್ತಕಗಳನ್ನು ಕನ್ನಡಿ, ಕಿಟಕಿ, ಜಾರುವ ಗಾಜಿನ ಬಾಗಿಲು ಅಂತ ಕರೆದರು. ಕನ್ನಡಿಯಲ್ಲಿ ಮಗು ತನ್ನನ್ನೇ ಕಾಣುತ್ತೆ, ಕಿಟಕಿಯಲ್ಲಿ ಬೇರೆಯವರ ಬದುಕು ಕಾಣುತ್ತೆ, ಬಾಗಿಲಿನಿಂದ ಆ ಬದುಕಿನ ಒಳಗೇ ಹೋಗುತ್ತೆ. ತಮ್ಮ ಮುಖ ಎಲ್ಲೂ ಕಾಣದ ಕಪ್ಪು ಜನರ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತು ಅದು. ಬರೀ ಕನ್ನಡಿ ಕೊಟ್ಟರೂ ಕಷ್ಟ, ಬರೀ ಕಿಟಕಿ ಕೊಟ್ಟರೂ ಕಷ್ಟ. ಜೆರಾಕ್ಸ್ ಕಥೆ ಹಂಚಿದಾಗ ನಾನು ಎಡವಿದ್ದು ಇಲ್ಲೇ.

ಇದೆಲ್ಲ ಹೊರಗಿನಿಂದ ಬಂದ ವಿಚಾರ ಅಂದುಕೊಳ್ಳಬೇಡಿ. ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ‘ಸಹೃದಯ’ನ ಬಗ್ಗೆ ಬರೆದಾಗಲೂ ಓದುವವನ ಮನಸ್ಸಿಲ್ಲದೆ ಕಾವ್ಯ ಪೂರ್ತಿಯಾಗದು ಅನ್ನುವುದು ಅದರಲ್ಲಿತ್ತು. ಸಹೃದಯ ಅನ್ನುವ ಪದವನ್ನು ನಾವೀಗ ಭಾಷಣದ ಶುರುವಿನಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ.

ಮಗು ಏನೇನೋ ಸಂಬಂಧ ಕಲ್ಪಿಸಿಕೊಂಡರೆ? ಎಲ್ಲ ಅರ್ಥವೂ ಸರೀನಾ?

ಎಲ್ಲವೂ ಸರಿ ಅಲ್ಲ. ಆದರೆ ತಪ್ಪು ಅಂತ ಹೇಳುವ ಮುಂಚೆ ಒಂದು ಸುತ್ತು ಅದರ ಹಿಂದೆ ಹೋಗಿ ನೋಡಿ.

‘ಹಲಗಲಿ ಬೇಡರು’ ಲಾವಣಿ ಓದುತ್ತಿದ್ದೆವು. 1857ರಲ್ಲಿ ಬ್ರಿಟಿಷರು ಜನರ ಹತ್ತಿರ ಹತಾರ, ಅಂದರೆ ಆಯುಧ, ಇರಬಾರದು ಅಂತ ಕಾಯಿದೆ ತಂದರು, ಮುಧೋಳದ ಕಡೆಯ ಹಲಗಲಿಯವರು ಕೊಡೋದಿಲ್ಲ ಅಂತ ನಿಂತರು. ಒಬ್ಬ ಹುಡುಗ ಹೇಳಿದ: “ನಮ್ಮ ಮೊಬೈಲ್ ಕಸ್ಕೊಂಡಂಗ ಆತಲ್ರಿ.” ಎಲ್ಲರೂ ನಕ್ಕರು. ಹಿಂದಿನ ವಾರವಷ್ಟೇ ಅವನ ಮೊಬೈಲನ್ನು ಹೆಡ್ ಮಾಸ್ತರು ತೆಗೆದುಕೊಂಡಿದ್ದರು.

ಬೈದು ಕೂರಿಸಬಹುದಿತ್ತು. ಬದಲಿಗೆ ಕೇಳಿದೆ: “ಮೊಬೈಲ್ ಹೋದ್ರ ನಿನಗೇನಾಗತೈತಿ?” “ಟೈಂ ಪಾಸ್ ಆಗಲ್ರಿ.” “ಬೇಡರಿಗೆ ಹತಾರ ಹೋದ್ರ?” ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಮೆಲ್ಲಗೆ “ಹೊಟ್ಟಿಗಿ ಇರಲ್ರಿ” ಅಂದಳು. ಇನ್ನೊಬ್ಬ “ಮರ್ಯಾದಿ ಇರಲ್ರಿ” ಅಂದ. ಹೊಟ್ಟೆಯೋ ಮರ್ಯಾದೆಯೋ ಅಂತ ಜಗಳ ಶುರುವಾಯಿತು. ಎರಡು ಕಡೆಯವರೂ ಲಾವಣಿಯ ಸಾಲು ತೆಗೆದು ತೋರಿಸತೊಡಗಿದರು. ಮೊಬೈಲಿನ ಮಾತಿನಿಂದ ಶುರುವಾಗಿ ಪದ್ಯದ ಒಳಗೇ ಬಂದು ಮುಟ್ಟಿದ್ದೆವು.

ನನ್ನ ಅಳತೆಗೋಲು ಒಂದೇ, “ಯಾವ ಸಾಲು ನಿನಗೆ ಹಾಗೆ ಹೇಳಿತು?” ಸಾಲು ತೋರಿಸಿದರೆ ಮಾತು ಮುಂದುವರಿಯಲಿ. ತೋರಿಸಲಾಗದಿದ್ದರೆ ಅದು ಮಗುವಿನ ಕಥೆ, ಕವಿಯದಲ್ಲ. ಬೇಕಾದರೆ ಅದನ್ನೇ ಬೇರೆ ಕಥೆಯಾಗಿ ಬರೆಯಲಿ.

ಅಂದಹಾಗೆ, ನಮ್ಮ ಶಾಲೆಯ ಅಂಗಳದಿಂದ ಕೊಪ್ಪಳದ ಕೋಟೆ ಕಾಣುತ್ತೆ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ನಿಂತು ಸತ್ತಿದ್ದು ಅಲ್ಲೇ. ಇದನ್ನು ನಾನು ಪಾಠದ ಶುರುವಿಗೆ ಹೇಳಲಿಲ್ಲ, ಮುಗಿದ ಮೇಲೆ ಹೇಳಿದೆ. ಆ ದಿನ ಬಿಡುವಿನಲ್ಲಿ ನಾಲ್ಕೈದು ಮಕ್ಕಳು ಕಟ್ಟೆ ಹತ್ತಿ ಕೋಟೆ ಕಡೆ ನೋಡುತ್ತಾ ನಿಂತಿದ್ದರು. ಶಬರಿ ಗುಹೆ ಕಲಿಸಿದ ಬುದ್ಧಿ ಅದು.

ಹಳಗನ್ನಡ ಯಾರಿಗೆ ತಟ್ಟುತ್ತೆ ಹೇಳಿ?

ನೀವು ಊಹಿಸದವರಿಗೆ. ಸಿಂಧನೂರು, ಗಂಗಾವತಿ, ಕಾರಟಗಿ ಕಡೆ ಕ್ಯಾಂಪುಗಳಿವೆಯಲ್ಲ, ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರು. ಆ ಮನೆಗಳ ಮಕ್ಕಳು ಕನ್ನಡದಲ್ಲಿ ನಾವು ಹಿಂದೆ ಅಂತ ಕುಗ್ಗಿ ಕೂರುತ್ತಾರೆ. ಒಂದು ದಿನ ಬೋರ್ಡಿನ ಮೇಲೆ ಪಾಲ್, ಪುಲಿ, ಪಾವು, ಪೂ, ಪೊಲಂ ಅಂತ ಬರೆದೆ. ಕನ್ನಡದ ಮನೆಯ ಮಕ್ಕಳು ತಲೆ ಕೆರೆದುಕೊಂಡರು. ಕ್ಯಾಂಪಿನ ಹುಡುಗ ಕೂತಲ್ಲಿಂದಲೇ ಹಾಲು, ಹುಲಿ, ಹಾವು, ಹೂವು, ಹೊಲ ಅಂತ ಪಟಪಟ ಹೇಳಿಬಿಟ್ಟ. ತೆಲುಗಿನಲ್ಲಿ ಇವತ್ತಿಗೂ ಪಾಲು, ಪುಲಿ, ಪಾಮು, ಪುವ್ವು, ಪೊಲಂ ತಾನೇ! ಕನ್ನಡದ ‘ಪ’ ಕಾಲ ಸರಿದಂತೆ ‘ಹ’ ಆಯಿತು, ತೆಲುಗಿನದು ಹಾಗೇ ಉಳಿಯಿತು. ಅವತ್ತಿನಿಂದ ಅವನಿಗೆ ಕ್ಲಾಸಿನಲ್ಲಿ ‘ಪಂಪ’ ಅಂತ ಅಡ್ಡಹೆಸರು. ಅವನಿಗೆ ಅದು ಇಷ್ಟವೇ ಇತ್ತು.

ಉಳಿದಂತೆ ಹಳಗನ್ನಡವನ್ನು ಮೊದಲು ಜೋರಾಗಿ ಓದಿ. ಅರ್ಥ ಆಮೇಲೆ. ಮೊದಲ ದಿನವೇ ಪದ ಒಡೆದು ಅರ್ಥ ಬರೆಸಿದರೆ ಪದ್ಯ ಅಲ್ಲೇ ಸತ್ತಿತು.

ಪುಸ್ತಕದ ಕನ್ನಡವೇ ನಮ್ಮ ಮಕ್ಕಳ ಕನ್ನಡ ಅಲ್ಲ. ಅದಕ್ಕೇನು ಮಾಡುವುದು?

ಈ ನೋವು ನನ್ನದೂ ಹೌದು. ನನ್ನ ಅಜ್ಜ ನಿಜಾಮರ ಕಾಲದಲ್ಲಿ ಶಾಲೆಯಲ್ಲಿ ಉರ್ದು ಓದಿದವರು. ಅವರು ಕನ್ನಡ ಓದಲು ಕಲಿತದ್ದು ಮಠದ ಪುರಾಣದಲ್ಲಿ. ರಾಯಚೂರು, ಕೊಪ್ಪಳಕ್ಕೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಸೇರಿದ್ದು 1953ರಲ್ಲಿ. ಶಾಲೆಯ ಕನ್ನಡ ನಮ್ಮ ಕಡೆ ತಡವಾಗಿ ಬಂತು, ಬಂದಾಗಲೂ ಮೈಸೂರು ಸೀಮೆಯ ಅಂಗಿ ತೊಟ್ಟು ಬಂತು.

ಮಗು “ಹೋಗ್ಯಾರ್ರಿ” ಅಂದಾಗ “ಹೋಗಿದ್ದಾರೆ ಅನ್ನು” ಅಂತ ತಿದ್ದಿದರೆ ಅದು ವ್ಯಾಕರಣವನ್ನಷ್ಟೇ ಕಲಿಯುವುದಿಲ್ಲ. ಬಾಯಿ ಮುಚ್ಚುವುದನ್ನೂ ಕಲಿಯುತ್ತೆ. ನನ್ನ ರೂಢಿ ಹೀಗಿದೆ: ಮಾತಾಡುವಾಗ ಮನೆಯ ಮಾತು, ಕಚ್ಚಾ ಬರೆಯುವಾಗಲೂ ಮನೆಯ ಮಾತು, ಪರೀಕ್ಷೆಗೆ ಬರೆಯುವಾಗ ಪುಸ್ತಕದ ಮಾತು. ಮಕ್ಕಳಿಗೆ ಇದು ಕಷ್ಟ ಆಗುವುದಿಲ್ಲ. ಜಾತ್ರೆಗೊಂದು ಅಂಗಿ, ಹೊಲಕ್ಕೊಂದು ಅಂಗಿ ಅಂತ ಅವರಿಗೆ ಗೊತ್ತೇ ಇದೆ. ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳಿಗೂ ಇದೇ ಮಾತು. ಯೋಚನೆ ಯಾವ ಭಾಷೆಯಲ್ಲಾದರೂ ಬರಲಿ.

ಮತ್ತೆ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡು ಅಂತ ನಾಲ್ಕು ಊರು ಹೆಸರಿಸುತ್ತೆ. ಅದರಲ್ಲಿ ಕೋಪಣ ನಗರ, ಅಂದರೆ ನಮ್ಮ ಕೊಪ್ಪಳ, ಒಂದು. ಇದನ್ನು ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಹೇಳಿ. ಬೆನ್ನು ನೆಟ್ಟಗಾಗುತ್ತೆ.

ಮಕ್ಕಳಿಂದ ಅವರ ಜೀವನದ ಅನುಭವ ಹೇಳಿಸಬಹುದಾ?

ಹೇಳಿಸಬೇಡಿ. ಅವರಾಗಿ ಹೇಳಿದರೆ ಕೇಳಿ.

ನಾನು ಹಾಕಿದ ಪೆಟ್ಟು ಹೇಳುತ್ತೇನೆ. ಅಪ್ಪ ಮಗನ ಬಗ್ಗೆ ಇದ್ದ ಒಂದು ಪಾಠ ಮುಗಿಸಿ, ಉತ್ಸಾಹದಲ್ಲಿ ಒಬ್ಬ ಹುಡುಗನನ್ನು ಎಬ್ಬಿಸಿ “ನಿಮ್ಮಪ್ಪನ ಬಗ್ಗೆ ಎರಡು ಮಾತು ಹೇಳಪಾ” ಅಂದೆ. ಅವನು ಬೆಂಚಿನ ಮೊಳೆಯನ್ನು ಉಗುರಿನಿಂದ ಕೆದರುತ್ತಾ ನಿಂತ. ಅವರಪ್ಪ ಮನೆ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಕ್ಲಾಸಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ. ಮೂರು ದಿನ ಅವನು ಶಾಲೆಗೆ ಬರಲಿಲ್ಲ. ಬಂದ ಮೇಲೂ ನನ್ನ ಪೀರಿಯಡ್ಡಿನಲ್ಲಿ ತಲೆ ಎತ್ತಲಿಲ್ಲ.

ಈಗ ಪಾತ್ರದ ಬಗ್ಗೆ ಕೇಳುತ್ತೇನೆ, ಮಗುವಿನ ಬಗ್ಗೆ ಅಲ್ಲ. “ಆ ಹುಡುಗ ಅಪ್ಪನಿಗೆ ಹೇಳದೆ ಉಳಿಸಿಕೊಂಡ ಮಾತು ಯಾವುದಿರಬಹುದು?” ಪಾತ್ರದ ಹೆಸರಿನ ಮರೆಯಲ್ಲಿ ನಿಂತು ಮಗು ತನ್ನದನ್ನು ಹೇಳುತ್ತೆ. ಹೇಳದಿದ್ದರೂ ಸರಿ. ಯಾವುದು ತನ್ನದು, ಯಾವುದು ಪಾತ್ರದ್ದು ಅಂತ ನಾವು ಕೆದಕಬಾರದು.

ಒಂದು ವಿಷಯದಲ್ಲಿ ಮಾತ್ರ ಸುಮ್ಮನಿರುವ ಹಾಗಿಲ್ಲ. ನೋಟ್‌ಬುಕ್ಕಿನಲ್ಲಿ ಮದುವೆ ಗೊತ್ತಾಗಿದೆ ಅಂತಲೋ, ಯಾರೋ ಮೈಮುಟ್ಟುತ್ತಾರೆ ಅಂತಲೋ ಬರೆದಿದ್ದರೆ ಅದು ಸಾಹಿತ್ಯ ಅಲ್ಲ. ಹೆಡ್ ಮಾಸ್ತರಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅವತ್ತೇ.

ಪಾಠದ ಕೊನೆಗೆ ನೀತಿ ಬರೆಸಬೇಕಲ್ಲ?

ಬೇಡ. “ಈ ಪಾಠದಿಂದ ನಾನು ಕಲಿತ ನೀತಿ” ಅಂದ ಕೂಡಲೇ ಮೂವತ್ತೈದು ಮಕ್ಕಳು ಒಂದೇ ಸಾಲು ಬರೆಯುತ್ತಾರೆ, ಅದೂ ಗೈಡಿನದು.

ಗಂಡು ಮಕ್ಕಳಿಗೆ ಕಥೆ ಕವಿತೆ ಹಿಡಿಸೋದೇ ಇಲ್ಲ ಅಂತಾರಲ್ಲ?

ಬಯಲಾಟ ನೋಡೋಕೆ ರಾತ್ರಿಯಿಡೀ ಕೂರುವವರು ಯಾರು ಮತ್ತೆ? ನಮ್ಮ ಕಡೆಯ ಎಷ್ಟೋ ಹುಡುಗರು ಪುಸ್ತಕ ತೆರೆಯುವ ಮುಂಚೆಯೇ ಕರ್ಣನನ್ನು ಕಂಡಿರುತ್ತಾರೆ, ಕಿರೀಟ ಭುಜಕೀರ್ತಿ ಸಮೇತ. ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪಾಠದಲ್ಲಿ ಕೃಷ್ಣ ಬಂದು ನೀನು ಪಾಂಡವರ ಅಣ್ಣ, ರಾಜ್ಯ ನಿನ್ನದೇ ಅನ್ನುತ್ತಾನೆ. ಕರ್ಣ ಒಪ್ಪುವುದಿಲ್ಲ. ಇಲ್ಲಿ ಹುಡುಗರು ಎರಡು ಪಕ್ಷ ಆಗುತ್ತಾರೆ. “ಗೆಳ್ಯಾನ ಬಿಟ್ಟು ಹೆಂಗ ಬರಬೇಕ್ರಿ?” ಅಂತ ಒಬ್ಬ. “ಗೆಳ್ಯಾ ತಪ್ಪು ಮಾಡಿದ್ರೂ?” ಅಂತ ಇನ್ನೊಬ್ಬ. ಹದಿನೈದರ ಹುಡುಗನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ?

ಅವರು ಗೆಳೆತನದ ಬಗ್ಗೆ, ಮರ್ಯಾದೆಯ ಬಗ್ಗೆ ಮಾತಾಡುತ್ತಾರೆ. ದುಃಖದ ಬಗ್ಗೆ ಮಾತಾಡುವುದಿಲ್ಲ, ಯಾಕೆಂದರೆ “ಹೆಣ್ಣಿನಂಗ ಅಳ್ತಾನ” ಅನ್ನುವ ಮಾತು ಕಾದಿರುತ್ತೆ. ಕರ್ಣನಿಗೆ ಕಣ್ಣೀರು ಬಂತು ಅಂತ ಕವಿಯೇ ಹೇಳಿದ್ದನ್ನು ನಾನು ಎರಡು ಸಲ ಓದುತ್ತೇನೆ. ವಿವರಿಸುವುದಿಲ್ಲ.

ಇದೆಲ್ಲ ಸರಿ. ಪರೀಕ್ಷೆ?

ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಗೆ 125 ಅಂಕ. 100 ಬರವಣಿಗೆಗೆ, 25 ಆಂತರಿಕ. ಹಳ್ಳಿಯ ಮಗುವಿಗೆ ಈ ಅಂಕಗಳು ಆಟದ ಮಾತಲ್ಲ, ಪಿಯುಸಿ ಬಾಗಿಲು ತೆರೆಯುವುದು ಇವೇ. ಕಂಠಪಾಠದ ಪದ್ಯ ಮಾಡಿಸಿ, ಕವಿ ಪರಿಚಯ ಬರೆಸಿ. ನಾನೂ ಮಾಡಿಸುತ್ತೇನೆ.

ಆದರೆ ಪ್ರಶ್ನೆಪತ್ರಿಕೆಯನ್ನು ಸರಿಯಾಗಿ ನೋಡಿ. “ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ” ಅಂತಿದೆ. ಸ್ವಾರಸ್ಯ! ಆ ಸಾಲಿನಲ್ಲಿ ನಿನಗೆ ರುಚಿ ಕಂಡದ್ದು ಏನು ಅಂತ ಪರೀಕ್ಷೆಯವರೇ ಕೇಳುತ್ತಿದ್ದಾರೆ. ನಾವೇ ಅದನ್ನು ಗೈಡಿನ ನಾಲ್ಕು ಸಾಲಿಗೆ ಇಳಿಸಿದ್ದೇವೆ. ಆಂತರಿಕ 25 ಅಂಕವಂತೂ ಪೂರ್ತಿ ನಮ್ಮ ಕೈಯಲ್ಲಿದೆ. ಚಾರ್ಟ್ ಪೇಪರಿಗೆ ಕವಿಯ ಫೋಟೋ ಅಂಟಿಸಿ ಮುಗಿಸುತ್ತೇವೆ.

ಗಾದೆ ವಿಸ್ತರಣೆಯೂ ಹಾಗೇ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ನಾನು ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಕೊಟ್ಟಿದ್ದೆ. ಎಲ್ಲರೂ ಉಳಿತಾಯದ ಬಗ್ಗೆ, ಗೈಡಿನಲ್ಲಿದ್ದ ಹಾಗೇ ಬರೆದರು. ಒಬ್ಬ ಮಾತ್ರ ಹನಿ ಕೂಡಿದ್ದು ಎಷ್ಟು ದಿನ, ಹೋಗಿದ್ದು ಎಷ್ಟು ಹೊತ್ತು ಅಂತ ಬರೆದ. ಅವರಪ್ಪ ಭತ್ತದ ಸಸಿ ಹಚ್ಚಿ ಕಾಲುವೆ ದಂಡೆಯ ಮೇಲೆ ನಿಂತದ್ದನ್ನು ಬರೆದ. ಕಾಗುಣಿತದ ತಪ್ಪು ಹದಿನಾಲ್ಕಿದ್ದವು. ಪೂರ್ತಿ ಅಂಕ ಕೊಟ್ಟೆ, ತಪ್ಪುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ.

ಒಂಬತ್ತನೇ ಕ್ಲಾಸಿಗೆ ಬಂದರೂ ಸರಾಗವಾಗಿ ಓದಲು ಬಾರದ ಮಕ್ಕಳಿದ್ದಾರೆ. ಅವರಿಗೆಲ್ಲಿಯ ಸಾಹಿತ್ಯ?

ಕಣ್ಣಿಗೆ ಬಾರದ್ದು ಕಿವಿಗೆ ಬರುತ್ತೆ. ನೀವು ಓದಿ, ಅವರು ಕೇಳಲಿ. ಅಕ್ಷರ ತಡವಾಗಿರಬಹುದು, ಬದುಕಿನ ತಿಳಿವಳಿಕೆ ತಡವಾಗಿಲ್ಲ. ಸುಗ್ಗಿಗೆ, ವಲಸೆಗೆ ಹೋಗಿ ಎರಡು ಮೂರು ತಿಂಗಳು ಶಾಲೆ ತಪ್ಪಿಸಿಕೊಂಡವರೇ ಇವರಲ್ಲಿ ಜಾಸ್ತಿ, ಕಥೆಯ ಕಷ್ಟ ಅವರಿಗೇ ಬೇಗ ಗೊತ್ತಾಗುತ್ತೆ. ಅಕ್ಷರ ಕಲಿಸುವ ಕೆಲಸವನ್ನು ಬೇರೆ ಹೊತ್ತಿನಲ್ಲಿ ಮಾಡಿ. ಅಲ್ಲಿಯವರೆಗೆ ಕಥೆಯಿಂದ ಹೊರಗೆ ನಿಲ್ಲಿಸಬೇಡಿ.

ಮೊಬೈಲ್ ಇರುವಾಗ ಪುಸ್ತಕ ಯಾರು ಓದುತ್ತಾರೆ?

ಜಗಳಕ್ಕೆ ಹೋಗಬೇಡಿ, ಸೋಲುತ್ತೀರಿ. ಪದ್ಯವನ್ನು ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಅಜ್ಜಿಗೆ ಕೇಳಿಸಿ ಬನ್ನಿ ಅನ್ನಿ. ಅಜ್ಜಿ ಏನೆಂದಳು ಅಂತ ಮರುದಿನ ಕೇಳಿ.

ನಮಗೆ ಓದು ಬರಹ ಬರೋದಿಲ್ಲ. ಮಗನ ಕನ್ನಡ ಪಾಠಕ್ಕೆ ನಾವೇನು ಮಾಡಬೇಕು ಅಕ್ಕೋರ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ನಿಮ್ಮ ಹತ್ತಿರ ಇರುವುದು ನಮ್ಮ ಪುಸ್ತಕದಲ್ಲಿಲ್ಲ. ಬೀಸುವ ಪದ, ಹಂತಿ ಪದ, ಡೊಳ್ಳಿನ ಪದ, ಮೊಹರಮ್ಮಿನ ರಿವಾಯತ್. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಸಂಡೂರು ಕಡೆಯ ದರೋಜಿ ಈರಮ್ಮ ಬುರ್ರಕಥೆಗಳನ್ನು ರಾತ್ರಿಗಟ್ಟಲೆ ಹಾಡುತ್ತಿದ್ದರು, ಅವರೂ ಶಾಲೆ ಕಂಡವರಲ್ಲ. ಹಾಡು ಬಂದರೆ ಹಾಡಿ. ಬರದಿದ್ದರೆ ಮಗ ಜೋರಾಗಿ ಓದುವಾಗ ರೊಟ್ಟಿ ಬಡಿಯುತ್ತಲೇ ಕೇಳಿ, “ಮುಂದೇನಾತು?” ಅನ್ನಿ. ಅಷ್ಟು ಸಾಕು.

ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಎಲ್ಲಿ ಸಿಗುತ್ತೆ?

ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. ‘ಓದುವ ಬೆಳಕು’ ಯೋಜನೆಯಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಊರಿನದು ತೆರೆದಿರುವ ಹೊತ್ತು ಕೇಳಿಕೊಂಡು ಹೋಗಿ. ಶಾಲೆಯಲ್ಲೂ ಪುಸ್ತಕ ಇರುತ್ತವೆ, ಹೆಡ್ ಮಾಸ್ತರ ರೂಮಿನ ಗಾಡ್ರೆಜ್ ಬೀರುವಿನಲ್ಲಿ, ಬೀಗದೊಳಗೆ. ಪುಸ್ತಕ ಹರಿದರೆ ಹರಿಯಲಿ, ಬೀಗ ತೆಗೆಸಿ. ಮತ್ತೆ, ಯಾವ ಪುಸ್ತಕ ಅಂತ ಮಗುವೇ ಆರಿಸಲಿ. ಹತ್ತು ಪುಟ ಓದಿ ವಾಪಸ್ ಇಟ್ಟರೆ ಕಾರಣ ಕೇಳಬೇಡಿ.

ಒಂದು ಪಾಠ ಮಗುವಿಗೆ ತಟ್ಟಿತು ಅಂತ ಹೇಗೆ ಗೊತ್ತಾಗುತ್ತೆ?

ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಕೆಲವು ಸಲ ಮೈದಾನದಲ್ಲಿ ಗೊತ್ತಾಗುತ್ತೆ. ಕರ್ಣನ ಪಾಠ ಮುಗಿದ ವಾರ ಒಬ್ಬ ಹುಡುಗ ಕ್ರಿಕೆಟ್ಟಿನಲ್ಲಿ ತನ್ನ ಟೀಮ್ ಬಿಟ್ಟು ಎದುರು ಟೀಮಿಗೆ ಸೇರಿದ. ಹಳೆಯ ಟೀಮಿನ ಕ್ಯಾಪ್ಟನ್ ಬ್ಯಾಟು ನೆಲಕ್ಕೂರಿ “ಕೌರವೇಂದ್ರನ ಕೊಂದಿ ನೀನು!” ಅಂತ ಕೂಗಿದ. ಸ್ಟಾಫ್ ರೂಮಿನಲ್ಲಿ ಕೂತಿದ್ದ ನನಗೆ ಚಹಾ ನೆತ್ತಿಗೇರಿತು.

ಇನ್ನು ಕೆಲವು ಸಲ ನಮಗೆ ಗೊತ್ತಿರುತ್ತೆ, ಮಗುವಿಗೇ ಮರೆತಿರುತ್ತೆ. ಹೋದ ವರ್ಷ ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಆ ಶಬರಿಯ ಹುಡುಗಿ ಸಿಕ್ಕಳು. ಈಗ ನರ್ಸಿಂಗ್ ಓದುತ್ತಿದ್ದಾಳೆ. ಬಾಡಿದ ಹೂವು ಎಣಿಸುವ ಮಾತನ್ನು ನೆನಪಿಸಿದೆ. ಅವಳು ಕಣ್ಣರಳಿಸಿ “ಹಂಗ ಬರ್ದಿದ್ನೇನ್ರಿ ನಾನು?” ಅಂತ ನಕ್ಕಳು. ಅವ್ವ ಊರಲ್ಲೇ ಇದ್ದಾರಂತೆ, ಮೊಣಕಾಲು ನೋವಂತೆ. ಬಸ್ಸು ಬಂತು. ಹತ್ತುವಾಗ ತಿರುಗಿ ಕೇಳಿದಳು:

“ಆ ಪಾಠ ಇನ್ನೂ ಐತೇನ್ರಿ ಟೀಚರ್?”

ಐತಿ ಅಂದೆ.